ಲಾಲ್‌ಬಾಗ್ ನಿಮ್ಮ ಹಿತ್ತಲಲ್ಲ

ಲಾಲ್‌ಬಾಗ್ ನೋಡಿದ್ದೀರಾ ಎಂದು ಬೆಂಗಳೂರಿನವರನ್ನು ಕೇಳಿ. 'ಅಯ್ಯೋ, ಎಷ್ಟು ಸಲ!' ಎಂಬ ಉತ್ತರ ಸಿದ್ಧವಿರುತ್ತದೆ. ಹಾಗಾದರೆ ಅಲ್ಲಿನ ಐದು ಮರಗಳ ಹೆಸರು ಹೇಳಿ ಎಂದರೆ ಬಾಯಿ ಕಟ್ಟುತ್ತದೆ. ಚಿಕ್ಕಂದಿನಿಂದ ಓಡಾಡಿದ ತೋಟದಲ್ಲಿ ಒಂದು ಮರದ ಗುರುತೂ ಹತ್ತದಷ್ಟು ಕುರುಡಾಗಲು ವರ್ಷಗಟ್ಟಲೆ ಅಭ್ಯಾಸ ಬೇಕು. ನಾವು ಅದನ್ನು ಶ್ರದ್ಧೆಯಿಂದ ಮಾಡಿದ್ದೇವೆ. ಈಗ ಮಕ್ಕಳಿಗೂ ಕಲಿಸುತ್ತಿದ್ದೇವೆ.

ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ಫಲಪುಷ್ಪ ಪ್ರದರ್ಶನ. ಸಂಸಾರ ಸಮೇತ ಹೊರಡುತ್ತೇವೆ. ಗಾಜಿನ ಮನೆಯೊಳಗೆ ನುಗ್ಗಿ, ಹೂವಿನ ಮಾದರಿಯ ಮುಂದೆ ಸೆಲ್ಫಿ ತೆಗೆದು, ಚುರುಮುರಿ ತಿಂದು, ಪೊಟ್ಟಣವನ್ನು ಅಲ್ಲೇ ಬಿಟ್ಟು ವಾಪಸ್. ನಡುವೆ ಮಗು ಕೇಳುತ್ತದೆ: 'ಅಪ್ಪಾ, ಈ ಮರಕ್ಕೆ ಕಾಂಡದಲ್ಲೇ ಹೂ ಬಿಟ್ಟಿದೆಯಲ್ಲ, ಯಾಕೆ?' 'ಯಾವುದೋ ಮರ ಕಣೋ, ನಡಿ, ಲೇಟಾಯ್ತು.' ಅದು ನಾಗಲಿಂಗದ ಮರ. ಶಿವನ ಪೂಜೆಗೆ ಹುಡುಕಿಕೊಂಡು ಹೋಗುವ ಈ ಹೂವಿನ ಮರದ ಮೂಲ ದಕ್ಷಿಣ ಅಮೆರಿಕ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ನಿಮಗೆ ಗೊತ್ತಿಲ್ಲದಿದ್ದರೆ ಎಷ್ಟೋ ಮರಗಳಿಗೆ ಹೆಸರಿನ ಫಲಕ ಹಾಕಿದ್ದಾರೆ. ಆದರೆ ಅದರ ಮುಂದೆ ನಿಲ್ಲುವವರೆಂದರೆ ಫೋಟೊಗೆ ಅಡ್ಡ ಬಂತೆಂದು ಗೊಣಗುವವರು!

1760ರಲ್ಲಿ ಹೈದರಾಲಿ ಶುರು ಮಾಡಿದ ತೋಟವಿದು. ಟಿಪ್ಪು ಪರದೇಶಗಳಿಂದ ಗಿಡ ತರಿಸಿ ನೆಡಿಸಿದ. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರು ಬಂದು ಬೆಳೆಸಿದರು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಆಗ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರನ್ ಹೊರಗಿನಿಂದ ತಂದು ಬೆಳೆಸಿದ ಬೆಳೆಗಳಲ್ಲಿ ಸೀಮೆಬದನೆಯೂ ಒಂದು. ವಾರಕ್ಕೊಮ್ಮೆ ಅದರ ಸಾಂಬಾರು ಉಣ್ಣುವ ಮನೆಯವರೇ ಲಾಲ್‌ಬಾಗಿನಲ್ಲಿ 'ಏನಿದೆ ನೋಡೋದಕ್ಕೆ' ಎನ್ನುತ್ತಾರೆ.

ಅಜ್ಞಾನವನ್ನಾದರೂ ಸಹಿಸಬಹುದು, ಕೀಲಿಯ ತುದಿಯಿಂದ ತೊಗಟೆ ಕೊರೆಯುವ ಕೈಯನ್ನು ಸಹಿಸಲಾಗದು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಅದರ ಅಡಿಯಲ್ಲೇ ಹೊಸ ಮರ ಕಟ್ಟುವ ತೆಳುವಾದ ಜೀವಪದರವಿದೆ. ನಿಮ್ಮ ಮಗ ಅಲ್ಲಿ ಹೃದಯದ ಚಿತ್ರ ಬರೆದನೆಂದರೆ ಶಿಲೀಂಧ್ರಕ್ಕೆ ಬಾಗಿಲು ತೆರೆದ ಹಾಗೆ. ಮರಕ್ಕೆ ಗಾಯವನ್ನು ಅಳಿಸುವ ಶಕ್ತಿಯಿಲ್ಲ. ಸುತ್ತ ಬೆಳೆದು ಅದನ್ನು ಒಳಗೇ ಮುಚ್ಚಿಕೊಳ್ಳುತ್ತದೆ ಅಷ್ಟೆ. ಬಿದಿರಿನ ಪಾಡು ಇನ್ನೂ ಕೆಟ್ಟದ್ದು. ಕಳಲೆಯಾಗಿ ಮೇಲೆದ್ದಾಗ ಇದ್ದ ದಪ್ಪವೇ ಕೊನೆಯವರೆಗೂ. ಹಾಗಾಗಿ ಕೊರೆದ ಹೆಸರು ಆ ಗಳು ಒಣಗಿ ಬೀಳುವ ತನಕ ಇರುತ್ತದೆ. ಬಿದಿರ ಮೆಳೆಯ ಮುಂದೆ ನಿಂತು ನೋಡಿ, ಎಷ್ಟು ಪ್ರೇಮಿಗಳ ಹಾಜರಿ ಪುಸ್ತಕ ಅದು!

ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯದೂ ಅದೇ ಕಥೆ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದು. ಅದರ ಮೇಲೆ ಕಾಲು ಚಾಚಿ ಕೂತು ಚಿಪ್ಸ್ ಪೊಟ್ಟಣವನ್ನು ಗಾಳಿಗೆ ಬಿಡುವ ಗೃಹಸ್ಥರನ್ನು ಕೇಳಿದರೆ 'ಟಿಕೆಟ್ ತಗೊಂಡಿದೀವಿ ಸಾರ್, ಗುಡಿಸೋರಿದ್ದಾರಲ್ಲ' ಎನ್ನುತ್ತಾರೆ. ಟಿಕೆಟ್ ಕೊಳ್ಳುವುದು ಒಳಗೆ ಹೋಗಲಿಕ್ಕೆ. ಹೊಲಸು ಮಾಡಲು ಅಲ್ಲ. ಗುಡಿಸುವಾಕೆಯ ಬೆನ್ನು ನಿಮ್ಮ ಕಸಕ್ಕಾಗಿ ಬಾಗಲೆಂದು ಹುಟ್ಟಿದ್ದೂ ಅಲ್ಲ. ಆಕೆಯ ಕಣ್ಣೆದುರೇ ಬಿಸಾಡುವುದಕ್ಕೆ ಎಂಥ ಧೈರ್ಯ ಬೇಕೋ!

ಹುಲ್ಲುಹಾಸಿನ ಕಾವಲುಗಾರ ಪೀಪಿ ಊದಿದಾಗ 'ಎಲ್ಲರೂ ನಡೀತಿದ್ದಾರೆ, ನಮಗೊಬ್ಬರಿಗೇ ಯಾಕೆ' ಎಂದು ಅವನ ಮೇಲೆ ಏರಿಹೋಗುವುದು ಮತ್ತೊಂದು ಚಟ. ನೂರಾರು ಜನ ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿಯೂ ನೀರೂ ಇಳಿಯುವುದಿಲ್ಲ. ಅವನು ಊದುವುದು ಅದಕ್ಕೆ.

ಮುಂದಿನ ಭಾನುವಾರ ಹೋಗುವವರಿದ್ದರೆ ಹೋಗಿ, ಬೇಡ ಎನ್ನುವವರಾರು? ಒಂದು ಚೀಲ ಕಸಕ್ಕೆಂದೇ ಇಟ್ಟುಕೊಳ್ಳಿ. ಫೋನು ಜೇಬಿನಲ್ಲಿರಲಿ. ಒಂದೇ ಮರದ ಮುಂದೆ ಹತ್ತು ನಿಮಿಷ ನಿಂತು ಫಲಕವನ್ನು ಮಗುವಿನ ಕೈಯಲ್ಲೇ ಓದಿಸಿ. ಅಷ್ಟೂ ಆಗದೆ ಇದ್ದರೆ ಮನೆಯಲ್ಲೇ ಇರಿ. ತೋಟಕ್ಕೆ ಅದರಿಂದ ನಷ್ಟವೇನೂ ಇಲ್ಲ.