520 ಬೈಟಿನ ಡಿಸ್ಕು ಮತ್ತು ಎಲ್ಲರೂ ಕೊಡೋ ಒಂದೇ ಸಲಹೆ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಇವತ್ತು ಸ್ವಲ್ಪ ಹೊಟ್ಟೆ ಉರ್ಕೊಂಡೇ ಬರೀತಿದ್ದೀನಿ, ಸಹಿಸ್ಕೊಳ್ಳಿ :)

ಗೆಳೆಯನೊಬ್ಬನ ಅಪ್ಪ ಊರಲ್ಲಿ ಸಣ್ಣ ಪ್ರೆಸ್ ನಡೆಸ್ತಿದ್ರು. ಅಲ್ಲಿ ಅಚ್ಚಾದ ಪುಸ್ತಕಗಳ ಡಿಟಿಪಿ ಫೈಲುಗಳೆಲ್ಲ ಒಂದು ಸೆಕೆಂಡ್ ಹ್ಯಾಂಡ್ ಸ್ಟೋರೇಜ್ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆ ಸತ್ತುಹೋಯ್ತು. ಒಳಗೆ ಎರಡು ಸ್ಯಾಸ್ ಡಿಸ್ಕು, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ. ನನ್ನ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದೆ. ಕರ್ನಲ್ ಹೇಳಿದ್ದು ಇಷ್ಟೇ: ಸೆಕ್ಟರ್ ಸೈಜು 520, ನನಗೆ ಆಗಲ್ಲ. ಡಿಸ್ಕಿನ ಗಾತ್ರ ಸೊನ್ನೆ!

ಗೂಗಲಿಸಿದೆ. ಎಲ್ಲಿ ನೋಡಿದರೂ ಒಂದೇ ಉತ್ತರ: ಎಸ್‌ಜಿ_ಫಾರ್ಮ್ಯಾಟ್ ಓಡಿಸಿ 512 ಮಾಡ್ಕೊಳ್ಳಿ, ಕೆಲಸ ಮುಗೀತು. ಸೈಜು ತಾನೇ ಬದಲಾಗೋದು ಅಂದ್ಕೊಂಡು ಮೊದಲನೇ ಡಿಸ್ಕಿಗೆ ಓಡಿಸಿಬಿಟ್ಟೆ. ಕೆಲವು ಗಂಟೆ ಆದಮೇಲೆ ನೋಡಿದರೆ ಬರೀ ಸೊನ್ನೆಗಳು. ಮ್ಯಾನ್ ಪೇಜಲ್ಲಿ ಎಚ್ಚರಿಕೆ ಇತ್ತು, ಓದದೇ ಇದ್ದದ್ದು ನನ್ನ ತಪ್ಪೇ. ಗೆಳೆಯನಿಗೆ ಎರಡು ದಿನ ಫೋನ್ ಮಾಡಲಿಲ್ಲ.

ಈ 520 ಏನೂ ವಿಚಿತ್ರ ಅಲ್ಲ ಮಾರಾಯ್ರೆ. 512 ಬೈಟು ನಮ್ಮ ಡೇಟಾ, ಉಳಿದ 8 ಬೈಟಲ್ಲಿ ಸ್ಟೋರೇಜ್ ಪೆಟ್ಟಿಗೆ ತನ್ನ ಚೆಕ್‌ಸಮ್ಮು, ಲೆಕ್ಕಪತ್ರ ಇಟ್ಕೊಳ್ಳುತ್ತೆ. ಐಬಿಎಂನ ಎಎಸ್/400 ಯಂತ್ರಗಳಲ್ಲೂ 520ರ ಡಿಸ್ಕುಗಳೇ ಇದ್ದವು. ಲಿನಕ್ಸಿಗೆ 512, 1024, 2048, 4096 ಆದರೆ ಸಲೀಸು. 520 ಯಾಕೆ ಕಷ್ಟ ಅಂದರೆ, ಅದರ ಪೇಜು 4096 ಬೈಟಿನದು. 520ರ 512 ಸೆಕ್ಟರ್ ಕೂಡಿದಾಗ ಮಾತ್ರ ಸರಿಯಾಗಿ 65 ಪೇಜು ಆಗುತ್ತೆ, ಅಲ್ಲಿವರೆಗೂ ಗೆರೆಗೆ ಗೆರೆ ಕೂಡಲ್ಲ. ಈ ತಲೆನೋವನ್ನ ಕರ್ನಲ್ಲಿನ ಒಳಗೆ ತರಲ್ಲ ಅನ್ನೋದನ್ನ ನಾನೂ ಒಪ್ತೀನಿ.

ನನ್ನ ತಕರಾರು ಬೇರೆ. ಆ ಡ್ರೈವರಿನ ಸೋರ್ಸ್ ತೆಗೆದು ನೋಡಿ. ಬಳಕೆದಾರ ಮುಂದೆ ಫಾರ್ಮ್ಯಾಟ್ ಮಾಡಬಹುದು, ಅದಕ್ಕೇ ಈ ಡಿಸ್ಕನ್ನ ಪಟ್ಟಿಯಲ್ಲಿ ಉಳಿಸ್ತೀವಿ ಅನ್ನೋ ಅರ್ಥದ ಕಾಮೆಂಟ್ ಇದೆ. ಅದರಲ್ಲಿರೋದನ್ನ ಓದಬೇಕು ಅಂತ ಯಾರಿಗಾದರೂ ಅನ್ನಿಸಬಹುದು ಅನ್ನೋ ಯೋಚನೆಯೇ ಇಲ್ಲ! ಹಳೇ ಡಿಸ್ಕು ಅಂದರೆ ಅಗ್ಗದ ಕಬ್ಬಿಣ, ಒಳಗಿರೋದು ಕಸ ಅಂತ ಲೆಕ್ಕ. ಸಲಹೆ ಕೊಡೋರಲ್ಲೂ ಒಬ್ಬನಾದರೂ 'ಒಳಗೆ ಏನಿದೆ?' ಅಂತ ಮೊದಲು ಕೇಳಬೇಕಿತ್ತು.

ಓದೋಕೆ ದಾರಿ ಇದೆ, ಅದೂ ಅದೇ ಡಬ್ಬಿಯಲ್ಲಿ. ಡಗ್ಲಾಸ್ ಗಿಲ್ಬರ್ಟ್ ಬರೆದ ಎಸ್‌ಜಿ3_ಯುಟಿಲ್ಸ್‌ನಲ್ಲೇ ಎಸ್‌ಜಿ_ಡಿಡಿ ಇದೆ. ಅದು ಎಸ್‌ಡಿ ಡ್ರೈವರನ್ನ ದಾಟಿ, ಎಸ್‌ಜಿ ಮೂಲಕ ಡಿಸ್ಕಿಗೆ ನೇರವಾಗಿ ಸ್ಕಸಿ ಆದೇಶ ಕೊಡುತ್ತೆ. ಬಿಎಸ್ 520 ಅಂತ ಕೊಟ್ಟು ಎರಡನೇ ಡಿಸ್ಕನ್ನ ಪೂರ್ತಿ ಫೈಲಿಗೆ ಇಳಿಸಿದೆ. ಆಮೇಲೆ ಪ್ರತಿ 520ರಲ್ಲಿ ಕೊನೆಯ 8 ಬೈಟು ಕತ್ತರಿಸೋ ಹತ್ತು ಸಾಲಿನ ಪೈಥಾನ್. ಕತ್ತರಿಸದಿದ್ದರೆ 64 ಸೆಕ್ಟರಿಗೆ 512 ಬೈಟು ಜಾರುತ್ತಾ ಹೋಗಿ ಎಲ್ಲ ಅಯೋಮಯ.

ಇಷ್ಟಾದರೂ ಮೌಂಟ್ ಆಗಲಿಲ್ಲ. ಮೊದಲ ಭಾಗದಲ್ಲಿ ಪೆಟ್ಟಿಗೆಯ ಸ್ವಂತ ಸರಕಿತ್ತು. ಇಎಕ್ಸ್‌ಟಿ3ಯ ಸೂಪರ್‌ಬ್ಲಾಕಿನಲ್ಲಿ ಇಎಫ್53 ಅನ್ನೋ ಗುರುತು ಇರುತ್ತಲ್ಲ, ಅದನ್ನ ಹುಡುಕಿ, ಫೈಲ್ ಸಿಸ್ಟಮ್ ಶುರುವಾಗೋ ಜಾಗ ಹಿಡಿದು, ಓದೋಕೆ ಮಾತ್ರ ಅಂತ ಲೂಪ್ ಮೌಂಟ್ ಮಾಡಿದೆ. ಫೋಲ್ಡರುಗಳು ಸಾಲಾಗಿ ಬಂದವು! ಅದೃಷ್ಟ, ಇದು ಮಿರರ್. ನಾಲ್ಕೈದು ಡಿಸ್ಕಿಗೆ ಹಂಚಿದ ರೇಡ್ ಆಗಿದ್ದರೆ ಒಂದರಿಂದ ಏನೂ ಆಗ್ತಿರಲಿಲ್ಲ.

ಗೆಳೆಯನಿಗೆ ಫೋನ್ ಮಾಡಿ ಎರಡೂ ವಿಷಯ ಹೇಳಿದೆ, ಮೊದಲನೇ ಡಿಸ್ಕಿನದೂ ಸೇರಿಸಿ. ಈಗ ಇನ್ನೊಂದು ಗೋಳು: ಫೈಲುಗಳೆಲ್ಲ ಹಳೇ ನುಡಿ ಫಾಂಟಿನವು, ಯೂನಿಕೋಡ್ ಮಾಡಬೇಕು. ಅರ್ಕಾವೊತ್ತು ಕೆಡದ ಹಾಗೆ ಬದಲಾಯಿಸಿದವರು ಯಾರಾದರೂ ಇದ್ದರೆ ಕೆಳಗೊಂದು ಕಾಮೆಂಟ್ ಹಾಕಿ.