ಕರೆಂಟು ಕಡಿಯಲಿಕ್ಕೂ ನೋಟಿಸು ಬೇಕು

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ಎಷ್ಟೋ ಮನೆಗಳ ಕಾಗದಪತ್ರ ನೀರುಪಾಲಾದವು. ಆ ಹೆದರಿಕೆಯಿಂದಲೇ ನಾನು ಕ್ಲೌಡನ್ನು ನಂಬಿದೆ. ಮೂಡಲಗಿ ಸೀಮೆಯ ಕುಲಗೋಡ, ಕೌಜಲಗಿ ಶ್ರೀಕೃಷ್ಣ ಪಾರಿಜಾತದ ಊರುಗಳು. ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನಾಡಿ ಹೆಸರಾದ ಕೌಜಲಗಿ ನಿಂಗಮ್ಮ ಅಲ್ಲಿಯವರೇ. ಆ ಕಡೆಯ ಹಿರಿಯರ ಹಾಡಿನ ವಹಿಗಳ ಫೋಟೊ ತೆಗೆದು, ದನಿ ಮುದ್ರಿಸಿ, ತಿಂಗಳ ಬಾಡಿಗೆ ಕಟ್ಟಿ ಕ್ಲೌಡಿನಲ್ಲಿಟ್ಟಿದ್ದೆ.

ಒಂದು ರಾತ್ರಿ ಎರಡು ಸಾವಿರ ಕಡತಗಳನ್ನು ಒಟ್ಟಿಗೆ ಏರಿಸಿದೆ. ಬೆಳಗಾಗುವಷ್ಟರಲ್ಲಿ ಖಾತೆಗೆ ಬೀಗ. ಕಾರಣ ಒಂದೇ ಪದ: ದುರ್ಬಳಕೆ. ಯಾವ ಕಡತ, ಯಾವ ನಿಯಮ ಎಂದು ಹೇಳಲಿಲ್ಲ. ಮೇಲ್ಮನವಿಗೆ ಬಂದದ್ದು ಎರಡು ಸಾಲಿನ ಸಿದ್ಧ ಉತ್ತರ. ಅದೇ ವಾರ ಹಾಡಿದ ಅಜ್ಜನೊಬ್ಬರು ತೀರಿಕೊಂಡರು. ದಿನಕರ್ಮದಂದು ಅವರ ದನಿ ಕೇಳಬೇಕೆಂದು ಮನೆಯವರು ಫೋನು ಮಾಡಿದರು. ನನ್ನ ಬಳಿ ಕೊಡಲು ಏನೂ ಇರಲಿಲ್ಲ. ಐದು ವಾರದ ಮೇಲೆ ಖಾತೆ ತೆರೆಯಿತು, ಆಗಲೂ ಕಾರಣ ಹೇಳದೆ.

ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕಿತ್ತು ಎನ್ನುತ್ತೀರಿ. ನಿಜ. ಅದು ನನ್ನ ಉದಾಸೀನದ ಮಾತಾಯಿತು, ಅವರ ಅನ್ಯಾಯಕ್ಕೆ ಉತ್ತರವಾಗಲಿಲ್ಲ.

ನನ್ನದು ಸಣ್ಣ ಕತೆ. ಗುಜರಾತಿನ ಒಬ್ಬ ಎಂಜಿನಿಯರ್ ತಮ್ಮ ಬಾಲ್ಯದ ಫೋಟೊ ಏರಿಸಿದ್ದರು. ಎರಡು ವರ್ಷದ ಕೂಸಿಗೆ ಅಜ್ಜಿ ಎರೆಯುತ್ತಿರುವ ಚಿತ್ರ. ಅದು ಮಗುವಿನ ಮೇಲಿನ ದೌರ್ಜನ್ಯವೆಂದು 2023ರಲ್ಲಿ ಗೂಗಲ್ ಅವರ ಖಾತೆ ಮುಚ್ಚಿತು. ಅವರು ಗುಜರಾತ್ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2024ರ ಮಾರ್ಚಿನಲ್ಲಿ ಕೋರ್ಟು ನೋಟಿಸು ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋದ ತಂದೆಯೊಬ್ಬರು 2021ರಲ್ಲಿ ಡಾಕ್ಟರಿಗೆ ತೋರಿಸಲು ಮಗನ ಬಾವಿನ ಫೋಟೊ ತೆಗೆದರು. ಅಪರಾಧವೇನೂ ಇಲ್ಲವೆಂದು ಪೊಲೀಸರು ಹೇಳಿದ ಮೇಲೂ ಗೂಗಲ್ ಖಾತೆ ಮರಳಿಸಲಿಲ್ಲ.

ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಹುಡುಕಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಮೊದಲೇ ಸಿಕ್ಕ ಚಿತ್ರವನ್ನು ಯಂತ್ರ ಅದರ ಬೆರಳಚ್ಚಿನಂಥ ಗುರುತಿನಿಂದ ಹಿಡಿಯುತ್ತದೆ. ಹೊಸ ಚಿತ್ರವನ್ನು ಕಂಡಾಗ ಅದು ಊಹಿಸುತ್ತದೆ. ಊಹೆ ಅನುಮಾನಕ್ಕೆ ಸಾಕು, ಶಿಕ್ಷೆಗೆ ಸಾಲದು. ಅನುಮಾನ ಬಂದ ಕೂಡಲೇ ಒಬ್ಬನ ಪತ್ರ, ಲೆಕ್ಕ, ನೆನಪುಗಳನ್ನೆಲ್ಲ ಜಪ್ತಿ ಮಾಡುವ ಅಧಿಕಾರ ಯಾರಿಗೂ ಇರಬಾರದು.

ನಮ್ಮ ಪಕ್ಕದ ಹುಕ್ಕೇರಿಯನ್ನು ನೋಡಿ. ಅಲ್ಲಿ ಕರೆಂಟು ಹಂಚುವುದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಬಿಲ್ಲು ಕಟ್ಟದವನ ಲೈನು ಕಡಿಯಬೇಕಾದರೂ 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ 15 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ಬಾಕಿ ಉಳಿಸಿಕೊಂಡವನಿಗೇ ಇಷ್ಟು ಮರ್ಯಾದೆ. ಬಾಡಿಗೆ ಕಟ್ಟಿದವನಿಗೆ ಯಾಕಿಲ್ಲ?

2021ರ ಐಟಿ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ಇರಬೇಕು. 2023ರಿಂದ ಮೇಲ್ಮನವಿ ಸಮಿತಿಗಳೂ ಇವೆ. ಎಲ್ಲವೂ ಬೀಗ ಬಿದ್ದ ಮೇಲಿನ ದಾರಿಗಳು. ನಾನು ಕೇಳುವುದು ಮೂರೇ. ಆರೋಪ ಏನೆಂದು ಹೇಳಿ. ತೀರ್ಪು ಕೊಡುವ ಮೊದಲು ಒಬ್ಬ ಮನುಷ್ಯ ನೋಡಲಿ. ಖಾತೆ ಮುಚ್ಚುವುದೇ ಆದರೂ, ಆರೋಪಕ್ಕೆ ಸಂಬಂಧಿಸದ ಕಡತಗಳನ್ನು ಒಯ್ಯಲು ಸಮಯ ಕೊಡಿ.

ಘಟಪ್ರಭೆ ಕೂಡ ಊರಿಗೆ ಬರುವ ಮುಂಚೆ ಲೋಳಸೂರ ಸೇತುವೆಯ ಹತ್ತಿರ ಏರಿ ಸುಳಿವು ಕೊಡುತ್ತದೆ. ಅಷ್ಟನ್ನಾದರೂ ಕೊಡಿ.