ಸಿಲ್ವರ್ ಪೇಂಟಿನ ಮೋಸ
ನವಲಗುಂದ, ಅಣ್ಣಿಗೇರಿ ಕಡೆ ಹಳೇ ಅಂಬಾಸಿಡರ್ ಮೇಲಿನ ಪ್ರೀತಿ ಇನ್ನೂ ಆರಿಲ್ಲ. 2014ರಲ್ಲಿ ಈ ಕಾರು ತಯಾರಿಸುತ್ತಿದ್ದ ಉತ್ತರಪಾರಾ ಕಾರ್ಖಾನೆ ನಿಂತ ಮೇಲೆ ಹೊಸ ಬಿಡಿಭಾಗ ಸಿಗುವುದು ಕಷ್ಟ. ಮುಂದಿನ ಜಾಲರಿ, ಬಾಗಿಲ ಪಟ್ಟಿ ಮಂಕಾದರೆ ಸಿಲ್ವರ್ ಪೇಂಟ್ ಬಳಿದು ಕೈತೊಳೆದುಕೊಳ್ಳುತ್ತಾರೆ. ನುಣುಪಾದ ಕ್ರೋಮ್ ಮೇಲೆ ಬಣ್ಣ ಹಿಡಿದೀತೇ? ಹಪ್ಪಳದಂತೆ ಉಬ್ಬುತ್ತದೆ, ಉಗುರು ತಾಗಿಸಿದರೆ ಅಡಿಯಲ್ಲಿ ಕೆಂಪು ತುಕ್ಕು. ಪಟ್ಟಿ ಬಿಚ್ಚಿ, ಹಳೇ ಬಣ್ಣ ಕಿತ್ತು, 400 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿ, ತಿನ್ನರಿನಲ್ಲಿ ಒರೆಸಿ, ಪ್ರೈಮರ್ ಹೊಡೆದ ಮೇಲೇ ಬಣ್ಣ. ಅದೂ ತೆಳ್ಳಗೆ, ಎರಡು ಮೂರು ಸಲ. ನಮ್ಮಲ್ಲಿ ಎರೆಮಣ್ಣಿನ ಧೂಳಿನ ಕಾಟ ಬೇರೆ! ನೆಲಕ್ಕೆ ನೀರು ಚಿಮುಕಿಸಿ, ಗಾಳಿ ಏಳುವ ಮುನ್ನ ಬೆಳಿಗ್ಗೆಯೇ ಕೆಲಸ ಮುಗಿಸಬೇಕು. ಕ್ರೋಮ್ ಇನ್ನೂ ಗಟ್ಟಿಯಾಗಿದ್ದರೆ ಮಾತ್ರ ಬಣ್ಣದ ಗೊಡವೆಗೇ ಹೋಗಬೇಡಿ. ಪಾಲಿಶ್ ಮಾಡಿಸಿ, ಸಾಕು.